ಮಗಳ ಸ್ಯಾಟಿನ್ ಫ್ರಾಕಿಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಸಮಾರಂಭವೊಂದಕ್ಕಾಗಿ ನೆರಿಗೆಯ ಉದ್ದ ಫ್ರಾಕನ್ನು ನಾನೇ ಹೊಲಿಯಬೇಕೆಂದು ಸ್ಯಾಟಿನ್ ಮತ್ತು ನೆಟ್ ತಂದಿಟ್ಟಿದ್ದೇನೆ. ಇದುವರೆಗೆ ಹತ್ತಿ ಬಟ್ಟೆಯನ್ನಷ್ಟೇ ಹೊಲಿದಿರುವ ನನಗೆ, ಜಾರುವ ಈ ಬಟ್ಟೆಗೆ ಕತ್ತರಿ ಹಾಕಲು ಧೈರ್ಯ ಸಾಲುತ್ತಿಲ್ಲ. ಫ್ರಾಕ್ ಮುಂದಿನ ವರ್ಷಕ್ಕೂ ಆಗುವಂತೆ ಹೊಲಿಯಬಹುದೇ?

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ಹತ್ತಿ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಒಗೆದರೆ ಸೂಜಿಯ ತೂತು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಸ್ಯಾಟಿನ್‌ನಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ತಿದ್ದುಪಡಿಗಳೆಲ್ಲ ಬೇರೆ ಬಟ್ಟೆಯ ಮೇಲೆಯೇ ಮುಗಿಯಬೇಕು. ಹಳೆಯ ಹತ್ತಿ ಹೊದಿಕೆಯೊಂದರಲ್ಲಿ ಫ್ರಾಕಿನ ಮೇಲ್ಭಾಗವನ್ನೂ ತೋಳನ್ನೂ ಕತ್ತರಿಸಿ, ಉದ್ದುದ್ದ ಹೊಲಿಗೆ ಹಾಕಿ, ಮಗಳಿಗೆ ತೊಡಿಸಿ ಕೈ ಮೇಲೆತ್ತಲು ಹೇಳಿ. ಆಗ ಸೊಂಟದ ಗೆರೆ ಮೇಲಕ್ಕೆ ಜಗ್ಗಿದರೆ, ಕಂಕುಳ ಬಳಿಯ ಕೊರೆತ ಸಾಮಾನ್ಯವಾಗಿ ಹೆಚ್ಚು ಕೆಳಗಿಳಿದಿರುತ್ತದೆ. ಬಿಗಿಯಾಯಿತೆಂದು ಭಾವಿಸಿ ಇನ್ನಷ್ಟು ಕೊರೆದರೆ ಜಗ್ಗಾಟ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಸ್ಯಾಟಿನ್ ಅನ್ನು ಮಡಚದೆ, ಹತ್ತಿಯ ಚಾದರದ ಮೇಲೆ ಒಂದೇ ಪದರವಾಗಿ ಹಾಸಿ ಕತ್ತರಿಸಿದರೆ ಅಷ್ಟಾಗಿ ಜಾರುವುದಿಲ್ಲ. ನೋಡುವ ದಿಕ್ಕಿಗೆ ತಕ್ಕಂತೆ ಅದರ ಹೊಳಪು ಬದಲಾಗುವುದರಿಂದ ಎಲ್ಲ ತುಂಡುಗಳ ಮೇಲ್ತುದಿಯೂ ಒಂದೇ ಕಡೆಗಿರಲಿ. ಗುಂಡುಸೂಜಿಯನ್ನು ಮಾರ್ಜಿನ್ನಿನೊಳಗೆ, ಅಂದರೆ ಹೊಲಿಗೆಯ ಆಚೆ ಬಿಡುವ ಅಂಚಿನೊಳಗೆ ಮಾತ್ರ ಚುಚ್ಚಿ. ಯಂತ್ರಕ್ಕೆ 70ನೇ ಸಂಖ್ಯೆಯ ಹೊಸ ಸೂಜಿ ಹಾಕಿ, ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು ನೋಡಿ.

ಮುಂದಿನ ವರ್ಷಕ್ಕೂ ಆಗಲೆಂದು ಪಕ್ಕದ ಹೊಲಿಗೆಯಲ್ಲಿ ಅಗಲ ಮಾರ್ಜಿನ್ ಬಿಡುವ ರೂಢಿ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬಿಚ್ಚಿದ ಕಡೆ ಹಳೆಯ ತೂತುಗಳ ಸಾಲು ಎದ್ದು ಕಾಣುತ್ತದೆ. ಅದರ ಬದಲು ಬೆನ್ನಿಗೆ ಜಿಪ್ ಹಾಕದೆ, ತೆರೆದ ಎರಡೂ ಅಂಚಿಗೆ ಕುಣಿಕೆಗಳನ್ನು ಕೂಡಿಸಿ ಡೋರಿ ಪೋಣಿಸಿ; ಡೋರಿಯ ಅಡಿಗೆ ಅಂಗೈ ಅಗಲದ ಸ್ಯಾಟಿನ್ ಪಟ್ಟಿ ಇಟ್ಟರೆ ಮೈ ಕಾಣಿಸದು, ಮಗು ಬೆಳೆದಂತೆ ಡೋರಿಯನ್ನು ಸಡಿಲಿಸಬಹುದು. ಉದ್ದ ಸಾಲದಾದಾಗ ಲೈನಿಂಗಿನ ತುದಿಗೆ ನೆಟ್ಟಿನ ಝಾಲರಿ ಸೇರಿಸಿದರಾಯಿತು. ಅದಕ್ಕಾಗಿ ಈಗಲೇ ಸ್ವಲ್ಪ ನೆಟ್ ಎತ್ತಿಡಿ.

ಚೆಲುವಿಗಿಂತ ನನಗೆ ಮುಖ್ಯವೆನಿಸುವುದು ಮಗುವಿನ ನೆಮ್ಮದಿ. ಸೊಂಟದಲ್ಲಿ ನೆಟ್ಟಿನ ನೆರಿಗೆ ಸೇರುವ ಅಂಚು ಚರ್ಮವನ್ನು ಕೆರೆದು ಕೆಂಪಾಗಿಸುತ್ತದೆ. ಆದ್ದರಿಂದ ಮೆತ್ತನೆಯ ಹತ್ತಿಯ ಲೈನಿಂಗನ್ನು ಮೊದಲೇ ಒಗೆದು ಒಣಗಿಸಿ, ಆ ಅಂಚು ಪೂರ್ತಿ ಮುಚ್ಚುವಂತೆ ಒಳಗಿನಿಂದ ಕೈಹೊಲಿಗೆ ಹಾಕಿ. ಕೆಳಗಿನ ಅಂಚನ್ನು ಎಲ್ಲಕ್ಕಿಂತ ಕೊನೆಗೆ, ಆ ದಿನ ಹಾಕಿಕೊಳ್ಳುವ ಚಪ್ಪಲಿಯನ್ನೇ ತೊಡಿಸಿ ಅಳೆದು ಮಡಚಿ.