ಸಂಬಳದಲ್ಲಿ ಪಿಎಫ್ ಮುರಿದರು, ಖಾತೆಗೆ ಕಟ್ಟಲಿಲ್ಲ

ಪ್ರಶ್ನೆ: ಶಿರಸಿಯ ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಕಸ ಗುಡಿಸಿ ಶೌಚಾಲಯ ತೊಳೆಯುತ್ತೇನೆ. ಪ್ರತಿ ತಿಂಗಳೂ ಪಿಎಫ್ ಮುರಿದುಕೊಂಡ ಗುತ್ತಿಗೆದಾರ ಈಗ ಫೋನ್ ಎತ್ತುವುದಿಲ್ಲ. ಟೆಂಡರ್ ಬೇರೆಯವರಿಗಾಗಿದೆ. ದುಡ್ಡು ಹೋದಂತೆಯೇ?

ಉತ್ತರ: ಟೆಂಡರ್ ಬದಲಾದಾಗಲೆಲ್ಲ ಇದೇ ಪತ್ರ. ಗುತ್ತಿಗೆದಾರ ಎದುರಿಗಿದ್ದಾಗ ಒಬ್ಬರೂ ಕೇಳುವುದಿಲ್ಲ.

ಮೊದಲು ನಿಮ್ಮ ಪಿಎಫ್ ಸದಸ್ಯ ಸಂಖ್ಯೆಯಾದ ಯುಎಎನ್‌ಗೆ ಯಾರ ಮೊಬೈಲ್ ನಂಬರ್ ಜೋಡಿಸಿದ್ದಾರೆ ನೋಡಿ. ಎಷ್ಟೋ ಕಡೆ ಅದು ಸೂಪರ್‌ವೈಸರನದು. ಒಟಿಪಿ ಅವನಿಗೆ ಹೋಗುತ್ತದೆ, ಪಿಎಫ್ ಪಾಸ್‌ಬುಕ್ ನಿಮಗೆ ಕಾಣುವುದೇ ಇಲ್ಲ. ಆಧಾರ್ ಹಿಡಿದು ಅದನ್ನು ಬದಲಿಸಿ. ಪಿಎಫ್ ಲೆಕ್ಕದ ವೇತನ 12,000 ರೂಪಾಯಿ ಎನ್ನಿ. ನಿಮ್ಮಿಂದ ಮುರಿಯಬೇಕಾದ್ದು 1,440. ಗುತ್ತಿಗೆದಾರರು ತಮ್ಮ ಕೈಯಿಂದ ಹಾಕಬೇಕಾದ್ದೂ 1,440. ಅದರಲ್ಲಿ ಸುಮಾರು 1,000 ಪಿಂಚಣಿಗೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳ ಚೀಟಿಯಲ್ಲಿ 2,880 ಮುರಿದಿದ್ದರೆ ಅವರ ಪಾಲನ್ನೂ ನಿಮ್ಮಿಂದಲೇ ವಸೂಲು ಮಾಡಿದ್ದಾರೆ. ಅದು ಕಾನೂನುಬಾಹಿರ.

ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಕೆಲಸ ಮಾಡಿಸಿಕೊಂಡ ಕಚೇರಿಯದು. ಅರ್ಜಿಯನ್ನು ಕಚೇರಿ ಮುಖ್ಯಸ್ಥರ ಹೆಸರಿಗೇ ಬರೆಯಿರಿ: ಯುಎಎನ್, ಬಾಕಿ ತಿಂಗಳುಗಳು, ಗುತ್ತಿಗೆದಾರನ ಹೆಸರು, ಚೀಟಿಗಳ ಜೆರಾಕ್ಸ್. ಅವನ ಭದ್ರತಾ ಠೇವಣಿ ಇನ್ನೂ ಕಚೇರಿಯಲ್ಲಿದ್ದರೆ ಬಿಡುಗಡೆ ಮಾಡಬೇಡಿ ಎಂದೂ ಸೇರಿಸಿ. ಎರಡನೇ ಪ್ರತಿಗೆ ಸ್ವೀಕೃತಿ ಮೊಹರು ಬೀಳದೆ ಕದಲಬೇಡಿ. ಗುಮಾಸ್ತರು ‘ಗುತ್ತಿಗೆದಾರನನ್ನೇ ಕೇಳಿ’ ಎಂದೇ ಎನ್ನುತ್ತಾರೆ. ಚೀಟಿಯೇ ಕೊಟ್ಟಿರಲಿಲ್ಲವೆ? ಬ್ಯಾಂಕ್ ಪಾಸ್‌ಬುಕ್, ಗುರುತಿನ ಚೀಟಿ, ಹಾಜರಿ ಪುಸ್ತಕದ ಫೋಟೊ ಆದೀತು. ಇದೇ ಕಡತದೊಂದಿಗೆ ಭವಿಷ್ಯನಿಧಿ (ಪಿಎಫ್) ಸಂಸ್ಥೆಗೂ ದೂರು ಕೊಡಿ. ಅವರ ‘ನಿಧಿ ಆಪ್ಕೆ ನಿಕಟ್’ ಶಿಬಿರ ಪ್ರತಿ ತಿಂಗಳ 27ರಂದು ಜಿಲ್ಲೆಯಲ್ಲೇ ನಡೆಯುತ್ತದೆ, ರಜೆಯಿದ್ದರೆ ಮುಂದಿನ ಕೆಲಸದ ದಿನ.

ಹೊಸ ಗುತ್ತಿಗೆದಾರನಿಗೆ ಹಳೆಯ ಯುಎಎನ್ ಅನ್ನೇ ಕೊಡಿ. ಹೊಸದು ಮಾಡಿಸಿಕೊಂಡರೆ ಎರಡು ಖಾತೆ ಕೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಇನ್ನು, ಸಾವಿರ ರೂಪಾಯಿ ಕೊಟ್ಟರೆ ಪಿಎಫ್ ತೆಗೆಸಿಕೊಡುತ್ತೇವೆ ಎನ್ನುವ ಏಜೆಂಟರು. ಕಟ್ಟದೇ ಇರುವ ಹಣವನ್ನು ಅವರು ಎಲ್ಲಿಂದ ತೆಗೆಸುತ್ತಾರೆ?

ಪ್ರಶ್ನೆ: ಕಾರವಾರದಲ್ಲಿ ಒಬ್ಬರು ದುಡ್ಡು ಕೊಟ್ಟರೆ ಕೆಲಸ ಕಾಯಂ ಮಾಡಿಸುತ್ತಾರಂತೆ. ಕೊಡಲೇ?

ಉತ್ತರ: ಬೇಡ.

ಪ್ರಶ್ನೆ: ರಸ್ತೆ ಗುಡಿಸಿದ ಮೇಲೆ ಬೆಲ್ಲ ತಿಂದರೆ ಧೂಳು ಇಳಿಯುತ್ತದೆಯೇ?

ಉತ್ತರ: ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಶ್ವಾಸಕೋಶಕ್ಕೆ. ಮಾಸ್ಕ್ ಕೇಳಿ ಪಡೆಯಿರಿ.

ಪ್ರಶ್ನೆ: ಆಸ್ಪತ್ರೆಯ ಶೌಚಾಲಯಕ್ಕೆ ಬ್ಲೀಚಿಂಗ್ ಪೌಡರ್ ಜೊತೆ ಆ್ಯಸಿಡ್ ಬೆರೆಸಿದರೆ ಬೇಗ ಬೆಳ್ಳಗಾಗುತ್ತದೆ ಎನ್ನುತ್ತಾರೆ.

ಉತ್ತರ: ಹೇಳಿದವರನ್ನೇ ಒಳಗೆ ಕಳಿಸಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಶೌಚಾಲಯದಲ್ಲಿ ಜೀವಕ್ಕೇ ಕುತ್ತು. ಒಂದನ್ನು ಮಾತ್ರ ಬಳಸಿ; ಇನ್ನೊಂದು ಬೇಕೇಬೇಕಿದ್ದರೆ ಮೊದಲಿನದು ಪೂರ್ತಿ ಹೋಗುವಂತೆ ನೀರು ಹೊಯ್ದು ತೊಳೆದ ಮೇಲೆ. ಬಾಗಿಲು ತೆರೆದಿರಲಿ.