ಬಾಯಿಪಾಠ ಒಪ್ಪಿಸಿದರೆ ಮಾತು ಬಂದ ಹಾಗಾ?

ಪ್ರಶ್ನೆ: ಮೇಡಂ, ನಾನು ಸಿಬಿಎಸ್‌ಇ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಮಾತಿನ ಪರೀಕ್ಷೆ ಅಂದರೆ ‘ನನ್ನ ಕುಟುಂಬ’, ‘ನನ್ನ ಶಾಲೆ’ ಅಂತ ಹತ್ತು ವಾಕ್ಯ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಎಲ್ಲರಿಗೂ ಐದಕ್ಕೆ ಐದು. ನಡುವೆ ಒಂದು ಪ್ರಶ್ನೆ ಕೇಳಿದರೆ ಮಾತೇ ಹೊರಡುವುದಿಲ್ಲ. ಪೀರಿಯಡ್ ಇರುವುದು 40 ನಿಮಿಷ. ಇಷ್ಟು ಮಕ್ಕಳನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ?
– ಶಿಕ್ಷಕಿ, ಮೈಸೂರು

ಉತ್ತರ: ಒಪ್ಪಿಸುವುದನ್ನು ಈ ವರ್ಷವೇ ನಿಲ್ಲಿಸಿಬಿಡಿ. ಎದುರಿಗಿರುವವರು ಏನು ಹೇಳುತ್ತಾರೋ ಗೊತ್ತಿಲ್ಲದಿದ್ದರೆ ತಾನೇ ಅದು ಮಾತುಕತೆ?

ಫ್ರೆಂಚ್ ಕಲಿಯುವವರಿಗೆ ಫ್ರಾನ್ಸ್ ಸರ್ಕಾರ ಪ್ರಮಾಣಪತ್ರ ಕೊಡುವ ‘ಡೆಲ್ಫ್’ನ ಮೊದಲ ಹಂತ, ಎ1 ಪರೀಕ್ಷೆ ನೋಡಿ. ಬೆಂಗಳೂರಿನ ಫ್ರೆಂಚ್ ಭಾಷಾ ಕೇಂದ್ರ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ನಡೆಯುತ್ತದೆ. 100 ಅಂಕದಲ್ಲಿ ಮಾತಿಗೆ 25. ಸಮಯ ಐದರಿಂದ ಏಳು ನಿಮಿಷ ಅಷ್ಟೇ. ಮೊದಲು ಪರೀಕ್ಷಕರು ಹೆಸರು, ಮನೆ, ಹವ್ಯಾಸ ಕೇಳುತ್ತಾರೆ. ಆಮೇಲೆ ಮಗು ಕೆಲವು ಚೀಟಿ ಎತ್ತಿ, ಅದರಲ್ಲಿರುವ ಪದ ಇಟ್ಟುಕೊಂಡು ಪರೀಕ್ಷಕರನ್ನೇ ಪ್ರಶ್ನೆ ಕೇಳಬೇಕು. ಕೊನೆಗೆ ಅಂಗಡಿಯಲ್ಲಿ ಏನಾದರೂ ಕೊಳ್ಳುವಂಥ ಸಣ್ಣ ಸನ್ನಿವೇಶ. ನನಗೆ ಜಾಸ್ತಿ ಇಷ್ಟ ಆ ನಡುವಿನ ಭಾಗ. ನಮ್ಮ ಮಕ್ಕಳು ಉತ್ತರ ಹೇಳುತ್ತಲೇ ಬೆಳೆದವರು. ಪ್ರಶ್ನೆ ಕೇಳು ಅಂದರೆ ಎಷ್ಟು ಜಾಣರಾದರೂ ತಡವರಿಸುತ್ತಾರೆ. ಅದನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಬೇಕು.

ಇನ್ನು ಸಮಯದ ಮಾತು. ಒಬ್ಬೊಬ್ಬರನ್ನೇ ಕರೆಯಬೇಡಿ, ಜೋಡಿಯಾಗಿ ಕರೆಯಿರಿ. ಒಂದು ಜೋಡಿಗೆ ನಾಲ್ಕು ನಿಮಿಷ. ಪೀರಿಯಡ್‌ಗೆ ಐದು ಜೋಡಿ ಇಟ್ಟುಕೊಂಡರೂ ನಾಲ್ಕು ಪೀರಿಯಡ್‌ನಲ್ಲಿ ಎಲ್ಲರದೂ ಮುಗಿಯುತ್ತದೆ. ಉಳಿದವರಿಗೆ ಬರೆಯುವ ಕೆಲಸ ಕೊಡಿ. ಚೀಟಿಯನ್ನು ನಿಮ್ಮ ಮೇಜಿನ ಹತ್ತಿರ ಬಂದ ಮೇಲೇ ಎತ್ತಲಿ. ನಾನು ಬಳಸುತ್ತಿದ್ದ ಒಂದು ಚೀಟಿ ಹೀಗಿತ್ತು: ‘ಭಾನುವಾರ ಇಬ್ಬರೂ ಬೆಟ್ಟಕ್ಕೆ ಹೋಗಬೇಕು. ಎಷ್ಟು ಗಂಟೆಗೆ, ಯಾವ ಬಸ್ಸು, ತಿಂಡಿ ಯಾರು ತರುವುದು, ತೀರ್ಮಾನಿಸಿ.’ ಒಬ್ಬರ ಚೀಟಿಯಲ್ಲಿ ಮಾತ್ರ ‘ಹತ್ತು ಗಂಟೆವರೆಗೆ ಟ್ಯೂಷನ್’ ಅಂತ ಇರುತ್ತಿತ್ತು. ಇನ್ನೊಬ್ಬರು ಎಂಟು ಗಂಟೆ ಅಂದ ಕೂಡಲೇ ನಿಜವಾದ ಮಾತು ಶುರು! ಜೋಡಿಯಲ್ಲಿ ಒಬ್ಬರೇ ಮಾತಾಡುತ್ತಿದ್ದರೆ ಸುಮ್ಮನಿರುವ ಮಗುವನ್ನು ನೀವೇ ನೇರವಾಗಿ ಏನಾದರೂ ಕೇಳಿ. ಅಂಕ ಮಾತ್ರ ಬೇರೆಬೇರೆ.

ಐದರಲ್ಲಿ ಎರಡು ಅಂಕ, ಹೇಳಬೇಕಾದದ್ದು ಎದುರಿನವರಿಗೆ ತಲುಪಿತಾ ಅನ್ನುವುದಕ್ಕೆ. ಪ್ರಶ್ನೆ ಕೇಳಿದ್ದಕ್ಕೆ ಒಂದು, ಪದ-ವ್ಯಾಕರಣಕ್ಕೆ ಒಂದು, ಉಚ್ಚಾರಣೆಗೆ ಒಂದು. ‘ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’ ಅಂತ ಫ್ರೆಂಚ್‌ನಲ್ಲೇ ಕೇಳಿದ ಮಗುವಿಗೆ ಖಂಡಿತ ಅಂಕ ಕೊಡಿ. ಪುಲ್ಲಿಂಗ, ಸ್ತ್ರೀಲಿಂಗ ಅದಲುಬದಲಾದರೆ ಈ ಹಂತದಲ್ಲಿ ಬಿಟ್ಟುಬಿಡಿ. ಆದರೆ ಅಂಗಡಿಯವರನ್ನು ‘ವೂ’ ಅನ್ನದೆ ‘ತ್ಯು’ ಅಂದರೆ ಬಿಡಬೇಡಿ. ನೀವು-ನೀನು ಬಲ್ಲ ನಮ್ಮ ಮಕ್ಕಳಿಗೆ ಅದು ಕಷ್ಟವೇನಲ್ಲ, ಅಲ್ವಾ? ಮಾತಿನ ನಡುವೆ ತಪ್ಪು ತಿದ್ದಲು ಮಾತ್ರ ಹೋಗಬೇಡಿ. ಒಮ್ಮೆ ತಡೆದರೆ ಆ ಮಗು ಆಮೇಲೆ ಒಂದೇ ಪದದಲ್ಲಿ ಉತ್ತರ ಕೊಡುತ್ತದೆ.

ಎಲ್ಲರಿಗೂ ಐದು ಸಿಗದಿದ್ದರೆ ಪೋಷಕರು ಬಂದು ಕೇಳುತ್ತಾರೆ. ಅದಕ್ಕೆ ಶಾಲೆಯ ಒಪ್ಪಿಗೆ ಪಡೆದು ಧ್ವನಿ ರೆಕಾರ್ಡ್ ಮಾಡಿಡಿ. ಇಂಗ್ಲೆಂಡ್‌ನಲ್ಲಿ ಸುಮಾರು ಹದಿನಾರು ವರ್ಷದ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಯ ಫ್ರೆಂಚ್‌ನಲ್ಲಿ ಮಾತಿಗೆ ಕಾಲು ಭಾಗ ಅಂಕ. ಅಲ್ಲೂ ಸಾಮಾನ್ಯವಾಗಿ ಶಾಲೆಯ ಟೀಚರೇ ಮಾತಾಡಿಸಿ, ರೆಕಾರ್ಡ್ ಮಾಡಿ ಪರೀಕ್ಷಾ ಮಂಡಳಿಗೆ ಕಳಿಸುತ್ತಾರೆ. ನಿಮ್ಮ ಪ್ರಾಂಶುಪಾಲರಿಗೆ ಇದನ್ನು ಹೇಳಿ.

ಪ್ರಶ್ನೆ: ಮಗಳು ಎಂಟನೇ ತರಗತಿಯಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. ನಮಗ್ಯಾರಿಗೂ ಆ ಭಾಷೆ ಬರುವುದಿಲ್ಲ. ಮನೆಯಲ್ಲಿ ಮಾತಿನ ಅಭ್ಯಾಸ ಮಾಡಿಸಬಹುದೇ?
– ಒಬ್ಬ ತಾಯಿ, ಹಾಸನ

ಉತ್ತರ: ಧಾರಾಳವಾಗಿ. ಊಟಕ್ಕೆ ಕೂತಾಗ ಕನ್ನಡದಲ್ಲೇ ಕೇಳಿ: ಇವತ್ತು ಶಾಲೆಯಲ್ಲಿ ಏನಾಯಿತು? ಅವಳು ಫ್ರೆಂಚ್‌ನಲ್ಲಿ ಹೇಳಲಿ, ಆಮೇಲೆ ನಿಮಗೆ ಕನ್ನಡದಲ್ಲಿ ಅರ್ಥ ಬಿಡಿಸಲಿ. ಪದ ಸಿಗದೆ ನಿಂತರೆ ಕಾಯಿರಿ, ಪುಸ್ತಕ ತರಲು ಕಳಿಸಬೇಡಿ. ನಿಂತ ಕಡೆ ಗೊತ್ತಿರುವ ಬೇರೆ ಪದದಲ್ಲಿ ದಾರಿ ಹುಡುಕಿಕೊಳ್ಳುವುದೇ ಪರೀಕ್ಷೆಯಲ್ಲಿ ಅವಳಿಗೆ ಬೇಕಾದದ್ದು.