ಜನರೇಟರ್ ಡೀಸೆಲ್ ಕುಡಿಯುತ್ತಿದೆಯೇ, ದುಡಿಯುತ್ತಿದೆಯೇ?

ಪ್ರಶ್ನೆ: ನಾನು ಕಟ್ಟಡ ಕಾಮಗಾರಿಯೊಂದರ ಸೈಟ್ ಸೂಪರ್‌ವೈಸರ್. ನಮ್ಮ 125 ಕೆವಿಎ ಡೀಸೆಲ್ ಜನರೇಟರ್ ಕಳೆದ ತಿಂಗಳು 200 ಗಂಟೆ ಓಡಿ 2,400 ಲೀಟರ್ ಡೀಸೆಲ್ ತೆಗೆದುಕೊಂಡಿತು. ಈ ತಿಂಗಳು 180 ಗಂಟೆಗೇ 3,000 ಲೀಟರ್ ಖಾಲಿಯಾಗಿದೆ. ಗಂಟೆಗೆ 12 ಲೀಟರ್ ಇದ್ದದ್ದು 17ರ ಹತ್ತಿರ ಬಂದಿದೆ. ಪ್ಯಾನೆಲ್‌ನ ಮೀಟರ್ ಕಳೆದ ತಿಂಗಳು 6,400 ಯೂನಿಟ್, ಈ ತಿಂಗಳು 9,600 ಯೂನಿಟ್ ತೋರಿಸಿದೆ. ಎಂಜಿನ್ ಕೆಟ್ಟಿದೆ, ಇಲ್ಲವೇ ಆಪರೇಟರ್ ಡೀಸೆಲ್ ಕದಿಯುತ್ತಿದ್ದಾನೆ ಎನ್ನುತ್ತಾರೆ ಗುತ್ತಿಗೆದಾರರು. ಯಾವುದು ನಿಜ?

ಉತ್ತರ: ಎರಡೂ ಅಲ್ಲ. ನಿಮ್ಮ ಪತ್ರದಲ್ಲಿರುವ ಯೂನಿಟ್ ಲೆಕ್ಕವನ್ನು ಗುತ್ತಿಗೆದಾರರ ಮುಂದಿಟ್ಟರೆ ಸಾಕು, ಪಾಪ, ಆ ಆಪರೇಟರ್ ನಿಟ್ಟುಸಿರು ಬಿಟ್ಟಾನು.

ಕಳೆದ ತಿಂಗಳ 6,400 ಯೂನಿಟ್ಟನ್ನು 2,400 ಲೀಟರಿನಿಂದ ಭಾಗಿಸಿ: ಲೀಟರಿಗೆ 2.67 ಯೂನಿಟ್. ಈ ತಿಂಗಳ 9,600ನ್ನು 3,000ದಿಂದ ಭಾಗಿಸಿದರೆ 3.2 ಯೂನಿಟ್. ಅಂದರೆ ದಕ್ಷತೆ ಕುಸಿದಿಲ್ಲ, ಏರಿದೆ. ಯಂತ್ರ ಹೆಚ್ಚು ಡೀಸೆಲ್ ಕುಡಿದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚು ದುಡಿದಿದೆ.

ಕಾರಣ ಲೋಡ್‌ನಲ್ಲಿದೆ. 125 ಕೆವಿಎ ಎಂದರೆ 0.8 ಪವರ್ ಫ್ಯಾಕ್ಟರ್‌ನಲ್ಲಿ (ಕೆವಿಎಯಲ್ಲಿ ನಿಜವಾದ ಕೆಲಸಕ್ಕೆ ಬರುವ ಪಾಲು ಇದು) 100 ಕಿಲೋವ್ಯಾಟ್. ಯೂನಿಟ್ಟನ್ನು ಗಂಟೆಯಿಂದ ಭಾಗಿಸಿದರೆ ಕಳೆದ ತಿಂಗಳು ನಿಮ್ಮ ಸರಾಸರಿ ಲೋಡ್ 32 ಕಿಲೋವ್ಯಾಟ್, ಈ ತಿಂಗಳು 53. ಫ್ಯಾನ್, ಪಂಪುಗಳು, ಒಳಗಿನ ಘರ್ಷಣೆ ಇವಕ್ಕೆಲ್ಲ ಎಂಜಿನ್ ಮೊದಲು ತನ್ನ ಪಾಲಿನ ಡೀಸೆಲ್ ಸುಡಲೇಬೇಕು, ಹೊರಗೆ ಒಂದು ಬಲ್ಬು ಉರಿಯಲಿ, ಹತ್ತು ಮೋಟಾರು ತಿರುಗಲಿ. ಲೋಡ್ ಕಡಿಮೆಯಿದ್ದಾಗ ಈ ಮನೆಖರ್ಚೇ ದೊಡ್ಡದಾಗಿ ಕಾಣುತ್ತದೆ. ಈ ಗಾತ್ರದ ಯಂತ್ರಗಳು ಕಾಲು ಲೋಡ್‌ನಲ್ಲಿ ಲೀಟರಿಗೆ ಎರಡೂವರೆ ಯೂನಿಟ್ಟಿನ ಆಸುಪಾಸು, ಅರ್ಧ ಲೋಡ್‌ನಲ್ಲಿ ಮೂರಕ್ಕಿಂತ ತುಸು ಹೆಚ್ಚು, ಮುಕ್ಕಾಲು ದಾಟಿದ ಮೇಲೆ ಮೂರೂವರೆಯ ಹತ್ತಿರ ಕೊಡುತ್ತವೆ. ನಿಮ್ಮ ಎರಡೂ ತಿಂಗಳ ಅಂಕಿಗಳು ಇದೇ ಜಾಡಿನಲ್ಲಿವೆ. ಕಳ್ಳತನವಿದ್ದಿದ್ದರೆ ಲೋಡ್ ಏರಿದರೂ ಲೀಟರಿಗೆ ಸಿಗುವ ಯೂನಿಟ್ ಇಷ್ಟು ಏರುತ್ತಿರಲಿಲ್ಲ.

ಒಂದು ಲೀಟರ್ ಡೀಸೆಲ್‌ನಲ್ಲಿರುವ ಶಕ್ತಿ ಸುಮಾರು 10 ಯೂನಿಟ್. ಅದರಲ್ಲಿ ಮೂರು ಕೈಗೆ ಬಂದರೆ ಉಳಿದದ್ದು ರೇಡಿಯೇಟರ್ ಮತ್ತು ಹೊಗೆಕೊಳವೆಯ ಪಾಲು. ಆದ್ದರಿಂದ ಲೀಟರಿಗೆ ಐದು ಯೂನಿಟ್ ಎಂದು ಯಾರಾದರೂ ವರದಿ ಕೊಟ್ಟರೆ ಮೀಟರನ್ನು ಅನುಮಾನಿಸಿ. ಪ್ಯಾನೆಲ್ ಮೀಟರಿನಲ್ಲಿ ನಾನು ಮೊದಲು ನೋಡುವುದು ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ನ ಅನುಪಾತವನ್ನು. ಅದರ ಮೈಮೇಲೆ 250/5 ಎಂದಿದ್ದು ಮೀಟರಿನಲ್ಲಿ 200/5 ಎಂದು ತುಂಬಿದ್ದರೆ, ಓದಿದ ಪ್ರತಿ ಯೂನಿಟ್ಟೂ ಶೇ 20ರಷ್ಟು ಕಡಿಮೆ. ಇಂಥ ತಪ್ಪಿನಿಂದ ಒಳ್ಳೆಯ ಎಂಜಿನ್‌ಗಳನ್ನು ಬಿಚ್ಚಿಸಿದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಟ್ಯಾಂಕಿಗೆ ಅಳತೆ ಕಡ್ಡಿ ಇಳಿಸಿ ದಿನವೂ ಬರೆದಿಡುತ್ತೇವೆ. ಒಂದು ದಿನ 90 ಲೀಟರ್, ಮರುದಿನ 130. ಕೆಲಸ ಮಾತ್ರ ಅಷ್ಟೇ. ಏಕೆ?

ಉತ್ತರ: ಟ್ಯಾಂಕ್ ಹೇಗೆ ನಿಂತಿದೆ, ಅದರ ಆಕಾರವೇನು ಎಂಬುದನ್ನು ಬರೆಯದೆ ಕೇಳಿದ್ದೀರಿ, ಸಿಟ್ಟಿಲ್ಲ, ಎಲ್ಲರೂ ಹೀಗೆಯೇ ಕೇಳುತ್ತಾರೆ. ಅಡ್ಡ ಮಲಗಿಸಿದ ದುಂಡನೆಯ ಟ್ಯಾಂಕಾದರೆ ಕಡ್ಡಿಯ ಮೇಲೆ ಸಮ ಅಂತರದ ಗೆರೆ ಎಳೆದದ್ದೇ ತಪ್ಪು. ಅರ್ಧ ಎತ್ತರದಲ್ಲಿ ಅರ್ಧ ಡೀಸೆಲ್ ಇರುವುದು ಸರಿ, ಆದರೆ ಕಾಲು ಎತ್ತರದಲ್ಲಿ ಇರುವುದು ಕಾಲು ಭಾಗವಲ್ಲ, ಶೇ 20ಕ್ಕೂ ತುಸು ಕಡಿಮೆ. ನಡುಭಾಗದಲ್ಲಿ ಒಂದು ಬೆರಳು ಇಳಿದರೆ ಹೋಗುವ ಡೀಸೆಲ್ ಬೇರೆ, ತಳದಲ್ಲಿ ಒಂದು ಬೆರಳು ಇಳಿದರೆ ಹೋಗುವುದು ಬೇರೆ.

ಟ್ರೇಲರ್ ಮೇಲಿನ ಜನರೇಟರ್‌ಗೆ ಇನ್ನೊಂದು ಕಾಟವಿದೆ. ಒಮ್ಮೆ ಮಳೆ ನಿಂತ ಮರುದಿನ ಬೆಳಿಗ್ಗೆ ಕಡ್ಡಿ ಇಳಿಸಿದಾಗ ರಾತ್ರಿಗಿಂತ ಎರಡು ಬೆರಳು ಹೆಚ್ಚು ಡೀಸೆಲ್ ಕಂಡಿತು. ರಾತ್ರಿಯಿಡೀ ಯಂತ್ರ ಓಡಿತ್ತು, ಯಾರೂ ಹನಿಯನ್ನೂ ಹಾಕಿರಲಿಲ್ಲ. ಬಗ್ಗಿ ನೋಡಿದರೆ ಒಂದು ಚಕ್ರ ಕೆಸರಿನಲ್ಲಿ ಹೂತು, ಟ್ಯಾಂಕ್ ಬಾಯಿಯ ಕಡೆಗೆ ವಾಲಿತ್ತು.

ಕಡ್ಡಿಯನ್ನು ಅಂದಾಜಿಗೆ ಇಟ್ಟುಕೊಳ್ಳಿ. ಅಳತೆಗೆ ತುಂಬಿಸಿ ನೋಡುವ ಕ್ರಮವೇ ವಾಸಿ. ಟ್ಯಾಂಕನ್ನು ಕತ್ತಿನ ಒಂದು ಗುರುತಿನವರೆಗೆ ತುಂಬಿಸಿ, ನೊರೆ ಇಳಿಯುವವರೆಗೆ ಕಾದು ಮತ್ತೆ ಆ ಗುರುತಿಗೆ ತನ್ನಿ. ಗಂಟೆ ಮೀಟರನ್ನೂ ಯೂನಿಟ್ ಮೀಟರನ್ನೂ ಬರೆದುಕೊಳ್ಳಿ. ಒಂದು ಪೂರ್ತಿ ಪಾಳಿ ಓಡಿಸಿ, ಯಂತ್ರ ಅಲುಗದಂತೆ ಅದೇ ಜಾಗದಲ್ಲಿ, ಅದೇ ಗುರುತಿಗೆ, ಅಳತೆಯ ಪಂಪಿನಿಂದ ತುಂಬಿಸಿ. ಈಗ ಟ್ಯಾಂಕಿಗೆ ಹೋದದ್ದೆಷ್ಟೋ ಖರ್ಚಾದದ್ದು ಅಷ್ಟೇ. ಒಂದೆರಡು ಗಂಟೆಯ ಪರೀಕ್ಷೆ ಬೇಡ; ತುಂಬಿಸುವಾಗಿನ ಒಂದೆರಡು ಲೀಟರಿನ ಹೆಚ್ಚುಕಡಿಮೆಯೇ ಫಲಿತಾಂಶವನ್ನು ನುಂಗಿಹಾಕುತ್ತದೆ.

ಪ್ರಶ್ನೆ: ಎಂಜಿನ್‌ಗೆ ಹೋಗುವ ಮತ್ತು ಸುಡದೆ ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಎರಡೂ ಪೈಪುಗಳಿಗೆ ಹರಿವು ಅಳೆಯುವ ಫ್ಲೋ ಮೀಟರ್ ಹಾಕಿಸಿದ್ದೇವೆ. ವ್ಯತ್ಯಾಸವೇ ಖರ್ಚು ತಾನೇ? ತುಂಬಿಸಿ ನೋಡಿದ ಅಳತೆಗಿಂತ ಅದು ಯಾವಾಗಲೂ ಕಡಿಮೆ ತೋರಿಸುತ್ತದೆ.

ಉತ್ತರ: ಮರಳುವ ಪೈಪನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಡೀಸೆಲ್ 25 ಡಿಗ್ರಿ ಬಿಸಿಯೇರಿದರೆ ಗಾತ್ರದಲ್ಲಿ ಸುಮಾರು ಶೇ 2ರಷ್ಟು ಹಿಗ್ಗುತ್ತದೆ. ಗಂಟೆಗೆ 100 ಲೀಟರ್ ಒಳಗೆ ಹೋಗಿ ನಿಜವಾಗಿ 80 ಮರಳುತ್ತಿದೆ ಎಂದುಕೊಳ್ಳಿ. ಹಿಗ್ಗಿದ ಆ ಡೀಸೆಲನ್ನು ಮೀಟರ್ 81.6 ಎಂದು ಓದುತ್ತದೆ. ಖರ್ಚು 20 ಲೀಟರ್ ಆಗಿದ್ದರೂ ನಿಮಗೆ ಕಾಣುವುದು 18.4. ಶೇ 2ರ ತಪ್ಪು ಕಳೆಯುವ ಲೆಕ್ಕದಲ್ಲಿ ಶೇ 8 ಆಯಿತು. ಎರಡೂ ಪೈಪಿನ ಉಷ್ಣತೆ ನೋಡಿ ತಾನೇ ಸರಿಪಡಿಸಿಕೊಳ್ಳುವ ಮೀಟರುಗಳಿವೆ. ಅದಿಲ್ಲದಿದ್ದರೆ ತುಂಬಿಸಿ ನೋಡಿದ ಅಳತೆಯನ್ನೇ ನಂಬಿ.

ಪ್ರಶ್ನೆ: ರಾತ್ರಿ ಬರೀ ದೀಪಗಳಿಗಾಗಿ ದೊಡ್ಡ ಜನರೇಟರ್ ಓಡಿಸಬಹುದೇ?

ಉತ್ತರ: ಓಡಿಸಬಹುದು, ಆದರೆ ಬೇಡ. ಸುಮಾರು ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ತಿಂಗಳುಗಟ್ಟಲೆ ಓಡಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ, ಸುಡದ ಡೀಸೆಲ್ ಹೊಗೆಕೊಳವೆಯಲ್ಲಿ ಕಪ್ಪಗೆ ಜಿನುಗತೊಡಗುತ್ತದೆ. ಮೋಟಾರುಗಳು ಸ್ಟಾರ್ಟ್ ಆಗುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತವೆ ಎಂದು ಹಗಲಿಗೆ ದೊಡ್ಡ ಯಂತ್ರ ತಂದಿರುತ್ತೀರಿ, ಅದು ನ್ಯಾಯವೇ. ರಾತ್ರಿಗೆ ದೀಪಗಳ ಒಟ್ಟು ಕಿಲೋವ್ಯಾಟ್ ಕೂಡಿಸಿ, ಅದು ಮುಕ್ಕಾಲು ಲೋಡ್ ಆಗುವಂಥ ಚಿಕ್ಕದೊಂದನ್ನು ಪಕ್ಕದಲ್ಲಿ ನಿಲ್ಲಿಸಿ.